ಬಸ್ಸು ಹೋದ ಮೇಲಿನ ಚಾ

ಹೋದ ತಿಂಗಳು ಕುಂಸಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿತ್ತು. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ತ್ಯಾವರೆಕೊಪ್ಪ ಇನ್ನೂ ಬಂದಿರಲಿಲ್ಲ, ಆ ವಾಸನೆ ಒಳಗೆ ನುಗ್ಗಿತು. ಸುಟ್ಟ ಮರಳು, ಅದಕ್ಕೆ ಕಲಸುವ ಅಂಟು, ಮಳೆ ಬಿದ್ದ ಕಬ್ಬಿಣ. ಎರಕದ ಕಾರ್ಖಾನೆಯಲ್ಲಿ ದುಡಿದವರಿಗೆ ಇಷ್ಟು ಸಾಕು. ಉಳಿದವರಿಗೆ ಹೇಳುವುದಾದರೆ, ಹಬ್ಬದ ದಿನ ಬೆಲ್ಲದ ಪಾಕ ತಳ ಹಿಡಿದಿದೆ, ಅದರ ಮೇಲೆ ಯಾರೋ ತುಕ್ಕು ಹಿಡಿದ ಕಾವಲಿ ಕವುಚಿದ್ದಾರೆ, ಹಾಗೆ. ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಹನ್ನೊಂದು ವರ್ಷ ಅದನ್ನೇ ಉಸಿರಾಡಿದವಳು ನಾನು.

ನೆನಪು ಅಂದರೆ ಕಣ್ಣು ತುಂಬಿ ಬರಬೇಕು ಅಂತ ನಿಮಗಿದ್ದರೆ ಇಲ್ಲಿಗೇ ಓದುವುದು ಬಿಡಿ. ನನಗೆ ಬಂದದ್ದು ಕೋಪ. ಅದೂ ಚೂರೂ ಆರದ ಕೋಪ. ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸಿದವರನ್ನು ನಾನು ದುರುಗುಟ್ಟಿ ನೋಡಿದೆನಂತೆ. ನಾದಿನಿ ಆಮೇಲೆ ಫೋನ್ ಮಾಡಿ ಹೇಳಿದಳು.

ಆ ಕಾರ್ಖಾನೆ ಬಿಟ್ಟು ಕೆಲವು ವರ್ಷಗಳಾದವು. ಈಗ ಮಾಚೇನಹಳ್ಳಿ ಕಡೆ ಒಂದು ಸಣ್ಣ ಘಟಕದಲ್ಲಿದ್ದೇನೆ, ಭದ್ರಾವತಿಯ ಮನೆಗೂ ಹತ್ತಿರ. ಆದರೆ ಆ ವಾಸನೆಗೆ ಒಂದು ವರ್ಷ ಅಂಟಿಕೊಂಡುಬಿಟ್ಟಿದೆ. ನನ್ನ ಮಗಳು ಚೈತ್ರಾ ಎಸ್ಸೆಸ್ಸೆಲ್ಸಿ ಓದಿದ ವರ್ಷ. ಪರೀಕ್ಷೆ ಬರೆದದ್ದು ಅವಳು. ಫೇಲು ಮಾಡಿದ್ದು ನನ್ನನ್ನು.

ನಾನು ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಎರಕ ಹೊಯ್ದು ಬಂದ ಪಂಪ್ ಬಾಡಿ, ಬ್ರಾಕೆಟ್ಟುಗಳ ಅಳತೆ ನೋಡಿ, ಸರಿ ಇದ್ದದ್ದನ್ನು ಲಾರಿಗೆ, ಸರಿ ಇಲ್ಲದ್ದನ್ನು ಮತ್ತೆ ಕುಲುಮೆಗೆ ಕಳಿಸುವ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥರು ಮುಂದಿನ ಏಪ್ರಿಲ್‌ನಲ್ಲಿ ನಿವೃತ್ತರಾಗುವವರಿದ್ದರು. ಅವರ ನಂತರ ಆ ಕುರ್ಚಿ ನನ್ನದು ಅಂತ ನಾನು ಹೇಳಿಕೊಂಡು ತಿರುಗಬೇಕಾಗಿರಲಿಲ್ಲ. ಕ್ಯಾಂಟೀನಿನ ಭಟ್ಟರೇ ಇಡ್ಲಿ ಹಾಕುವಾಗ "ಇನ್ಮೇಲೆ ಗಿರಿಜಾ ಮೇಡಂಗೆ ಎರಡು ಚಟ್ನಿ" ಅನ್ನುತ್ತಿದ್ದರು. ನನ್ನ ಕೈಕೆಳಗೆ ಪ್ರವೀಣ ಅಂತ ಒಬ್ಬನಿದ್ದ. ಮದುವೆಯಾಗಿರಲಿಲ್ಲ, ಮನೆಗೆ ಹೋಗುವ ಅವಸರವಿರಲಿಲ್ಲ. ಅವನ ಮುಖ್ಯ ಅರ್ಹತೆ ಅದೇ ಅಂತ ಆಮೇಲೆ ತಿಳಿಯಿತು.

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಮಗೆ ಹೊಸ ಪ್ಲಾಂಟ್ ಹೆಡ್ ಬಂದರು. ಹಾಲೇಶಪ್ಪ ಸರ್. ಶಿವಮೊಗ್ಗದವರೇ, ಹಳೆಯ ಮನೆತನ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬೆಣ್ಣೆ. ಹೆಣ್ಣುಮಕ್ಕಳ ಎದುರು ಗಟ್ಟಿಯಾಗಿ ಮಾತಾಡಿದವರಲ್ಲ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕೆಟ್ಟ ಬಾಸ್ ಇದ್ದರೆ ಬೈದುಕೊಂಡು ಹೊಟ್ಟೆ ತಂಪು ಮಾಡಿಕೊಳ್ಳಬಹುದು. ಇವರನ್ನು ಬೈಯಲು ಹೋದರೆ ಕೇಳಿದವರು ನಮ್ಮನ್ನೇ ಬೈಯುತ್ತಿದ್ದರು.

ಬಂದ ಹೊಸತರಲ್ಲೇ ಅವರು ಬೆಂಗಳೂರಿಗೆ ಹೋಗಿ ಯಾವುದೋ ದೊಡ್ಡ ಹೋಟೆಲಿನಲ್ಲಿ ತರಬೇತಿ ಮುಗಿಸಿ ಬಂದರು. ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ, ಕೆಲಸ ಮತ್ತು ಮನೆಯ ಸಮತೋಲನ, ಇತ್ಯಾದಿ. ಬಂದವರೇ ಹೆಂಗಸರನ್ನೆಲ್ಲ ಕ್ಯಾಂಟೀನಿಗೆ ಕರೆಸಿ ಮೈಸೂರುಪಾಕು ಹಂಚಿದರು.

"ನೋಡಿ ಅಮ್ಮ, ನೀವೆಲ್ಲ ಎರಡೆರಡು ಡ್ಯೂಟಿ ಮಾಡೋರು. ಇಲ್ಲೊಂದು, ಮನೇಲೊಂದು. ಇನ್ಮೇಲೆ ಐದೂಮುಕ್ಕಾಲು ಬಸ್ಸು ಯಾರೂ ತಪ್ಪಿಸೋ ಹಾಗಿಲ್ಲ. ಕೆಲ್ಸ ಉಳಿದ್ರೆ ಉಳೀಲಿ, ಗಂಡಸ್ರು ನೋಡ್ಕೊತಾರೆ. ಇದು ನನ್ನ ಆರ್ಡರ್ ಅಂದ್ಕೊಳಿ, ಅಣ್ಣನ ಮಾತು ಅಂದ್ಕೊಳಿ."

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕಂಪನಿಯ ಬಸ್ಸು ನಮಗೆ ಪ್ರಾಣ. ಸಾಗರ ರಸ್ತೆಯಿಂದ ಹೊರಟು, ಶಿವಮೊಗ್ಗದ ಟ್ರಾಫಿಕ್ ದಾಟಿ, ತುಂಗೆಯ ಸೇತುವೆ ಮೇಲೆ ಒಂದಿಷ್ಟು ನಿಂತು, ಭದ್ರಾವತಿಗೆ ಹೋಗಿ ಕೊನೆಗೆ ಕಾಗದನಗರದ ಹತ್ತಿರ ನಮ್ಮನ್ನು ಇಳಿಸುತ್ತಿತ್ತು. ಅದು ತಪ್ಪಿದರೆ ಎರಡು ಬಸ್ಸು, ಒಂದು ಆಟೋ.

ಜುಲೈ ಮಳೆ ಹಿಡಿಯಿತು. ಆಗಲೇ ಶುರುವಾದದ್ದು, "ನಿನ್ನೆ ಸಂಜೆ ಡಿಸೈಡ್ ಆಯ್ತು ಮೇಡಂ" ಅನ್ನುವ ಮಾತು.

ನಮ್ಮ ಬಸ್ಸು ಗೇಟು ದಾಟಿದ ಮೇಲೆ ಹಾಲೇಶಪ್ಪನವರ ಕೋಣೆಗೆ ಚಾ ಹೋಗುತ್ತಿತ್ತು. ಅದಕ್ಕೆ ಮೀಟಿಂಗ್ ಅಂತ ಹೆಸರಿರಲಿಲ್ಲ. ಬರೀ ಚಾ. ಉಳಿದ ನಾಲ್ಕೈದು ಜನ ಗಂಡಸರು ಕೂರುತ್ತಿದ್ದರು, ಪ್ರವೀಣ ಅವರಲ್ಲೊಬ್ಬ. ಬೆಳಗಿನ ಮೀಟಿಂಗಿನಲ್ಲಿ ನಾವೆಲ್ಲ ಒಂದು ಗಂಟೆ ಮಾತಾಡಿ ಯಾವುದೂ ತೀರ್ಮಾನವಾಗದೆ ಏಳುತ್ತಿದ್ದೆವು. ಸಂಜೆ ಚಾ ಒಂದು ಲೋಟ ಮುಗಿಯುವಷ್ಟರಲ್ಲಿ ಎಲ್ಲ ತೀರ್ಮಾನವಾಗಿರುತ್ತಿತ್ತು. ಯಾವ ಗಿರಾಕಿಗೆ ಮೊದಲು ಮಾಲು, ಯಾವ ಅಳತೆಯಲ್ಲಿ ಎಷ್ಟು ಸಡಿಲ, ಯಾರು ಯಾವ ಕೆಲಸಕ್ಕೆ.

ಒಂದು ಬೆಳಿಗ್ಗೆ ಗಿರಾಕಿ ಕಂಪನಿಯವರು ಫೋನ್ ಮಾಡಿ ಬ್ರಾಕೆಟ್ಟಿನ ಅಳತೆ ಬದಲಾಯಿಸಿದ ಬಗ್ಗೆ ಕೇಳಿದರು. ಬದಲಾಗಿಯೇ ಇಲ್ಲ ಅಂತ ನಾನು ವಾದ ಮಾಡಿದೆ. ಪಕ್ಕದಲ್ಲಿ ನಿಂತಿದ್ದ ಪ್ರವೀಣ ತಲೆ ಕೆರೆದುಕೊಂಡು, "ಆಗಿದೆ ಮೇಡಂ. ನಿನ್ನೆ ಸಂಜೆ" ಅಂದ. ಫೋನಿನ ಆ ಕಡೆಯವರಿಗೂ ಅದು ಕೇಳಿಸಿತು.

ನೇರವಾಗಿ ಹಾಲೇಶಪ್ಪನವರ ಕೋಣೆಗೆ ಹೋದೆ.

"ಸರ್, ನನ್ನ ವಿಭಾಗದ ವಿಷ್ಯ ನಂಗೇ ಗೊತ್ತಿಲ್ದೆ ಹೆಂಗೆ ಬದ್ಲಾಯ್ತು?"

"ಕೂತ್ಕೊಳಿ ಅಮ್ಮ. ನೀವು ಹೊರಟಿದ್ರಿ. ಮತ್ತೆ ಫೋನ್ ಮಾಡಿ ತೊಂದ್ರೆ ಕೊಡೋದು ಯಾಕೆ ಅಂತ. ಮಗಳದ್ದು ಎಸ್ಸೆಸ್ಸೆಲ್ಸಿ ಅಲ್ವಾ?"

"ಫೋನ್ ಮಾಡಿದ್ರೆ ಎತ್ತುತ್ತಿದ್ದೆ ಸರ್."

"ಅದೇ ಬೇಡ ಅನ್ನೋದು. ಮನೆಗೆ ಹೋದ್ಮೇಲೆ ನೀವು ತಾಯಿ. ಪಾಪ, ಅಲ್ಲೂ ಇಲ್ಲಿ ಚಿಂತೆ ಯಾಕೆ."

"ಹಂಗಾದ್ರೆ ಆ ಮಾತು ನಾಲ್ಕು ಗಂಟೆಗೆ ಆಡಿ ಸರ್. ಆಗ ನಾನು ತಾಯಿ ಆಗಿರಲ್ಲ."

ಅವರು ನಕ್ಕರು. ಎಷ್ಟು ಪ್ರೀತಿಯಿಂದ ನಕ್ಕರೆಂದರೆ ನನಗೆ ಆ ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ಕಾಣಿಸಿತು.

ಸರಿ, ಬಸ್ಸೇ ಬಿಟ್ಟರಾಯಿತು ಅಂತ ತೀರ್ಮಾನಿಸಿದೆ. ಮಾರನೆಯ ಸಂಜೆ ಬಸ್ಸು ಹೋಯಿತು, ನಾನು ಹೋಗಲಿಲ್ಲ. ಚಾ ಹಿಡಿದು ಅವರ ಕೋಣೆಯೊಳಗೆ ಹೋಗಿ ಕುರ್ಚಿ ಎಳೆದುಕೊಂಡೆ. ಒಳಗಿದ್ದವರು ಸ್ನಾನದ ಮನೆಗೆ ಯಾರೋ ನುಗ್ಗಿದ ಹಾಗೆ ನೋಡಿದರು. ಆಮೇಲೆ ಅಡಿಕೆ ರೇಟಿನ ಮಾತು ಬಂತು. ಅಡಿಕೆ ಮುಗಿದ ಮೇಲೆ ಕ್ರಿಕೆಟ್ಟು, ಕ್ರಿಕೆಟ್ಟು ಮುಗಿದ ಮೇಲೆ ಯಾರದೋ ಮಂಡಿನೋವು. ಕೆಲಸದ ಒಂದು ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ನನ್ನ ಚಾ ಮುಗಿಯಿತು, ಅವರ ಮಂಡಿನೋವು ಮುಗಿಯಲಿಲ್ಲ.

ಮರುದಿನ ಚಾ ಗೇಟಿನೆದುರಿನ ಅಂಗಡಿಗೆ ಹೋಯಿತು. ನಾನೂ ಕೊಡೆ ಹಿಡಿದು ಹೋದೆ. ಅಂಗಡಿಯವನು ಬಹಳ ಮರ್ಯಾದಸ್ಥ. ಗಂಡಸರು ನಿಂತು ಸಿಗರೇಟು ಸೇದುವ ಕಡೆ ಹೆಂಗಸು ನಿಲ್ಲಬಾರದು ಅಂತ ಒಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ, ಅವರಿಂದ ದೂರ, ತಗಡಿನ ಮಾಡಿನ ಇನ್ನೊಂದು ತುದಿಗೆ ಹಾಕಿದ. "ಇಲ್ಲಿ ಆರಾಮಾಗಿ ಕೂತ್ಕೊಳಿ ಮೇಡಂ, ಹೊಗೆ ಬರಲ್ಲ." ಮಾತೂ ಬರಲಿಲ್ಲ. ಮಳೆ ತಗಡಿನ ಮೇಲೆ ಕುಟ್ಟುತ್ತಿತ್ತು. ಅವರ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ.

ಮೂರನೆಯ ಸಂಜೆ ಹಾಲೇಶಪ್ಪನವರೇ ಕಾರಿನ ಮುಂದಿನ ಬಾಗಿಲು ತೆಗೆದರು. "ಬನ್ನಿ ಅಮ್ಮ, ಮಳೇಲಿ ಯಾಕೆ ಒದ್ದಾಡ್ತೀರಾ. ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ." ಹಿಂದಿನ ಸೀಟಿನಲ್ಲಿ ಪ್ರವೀಣ ಮತ್ತಿಬ್ಬರು. ದಾರಿಯುದ್ದಕ್ಕೂ ವಚನಗಳ ಹಾಡು ಹಾಕಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಭದ್ರಾವತಿ ಬಸ್ಸಿಗೆ ಕಾಯುತ್ತಾ ನಿಂತೆ. ಸ್ವಲ್ಪ ಮುಂದೆ ಅದೇ ಕಾರು ರಸ್ತೆ ಬದಿಗೆ ನಿಂತಿತ್ತು. ಒಳಗೆ ಲೈಟು ಹಾಕಿದ್ದರು. ನಾಲ್ಕು ತಲೆ ಒಂದರ ಕಡೆ ಒಂದು ಬಾಗಿದ್ದವು.

ಮನೆಗೆ ಹೋದರೆ ಅಲ್ಲಿ ಬೇರೆ ಹಾಡು. ನನ್ನ ಗಂಡ ಲೋಕೇಶನದು ಹೊಸಮನೆ ಬಡಾವಣೆ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ.

"ಮೂರು ದಿನದಿಂದ ಅನ್ನಕ್ಕೆ ನಾನೇ ಇಡ್ತಿದೀನಿ" ಅಂದರು.

"ಬೆಂದಿದೆಯಲ್ಲ, ಮತ್ತೇನು?"

"ಅದಲ್ಲ ಕಣೆ. ಮಗೂದು ಎಸ್ಸೆಸ್ಸೆಲ್ಸಿ ವರ್ಷ. ಸುಮ್ನೆ ಆ ಚಾ ಗಲಾಟೆ ಯಾಕೆ ಮೈಮೇಲೆ ಎಳ್ಕೊತೀಯ? ಅವ್ರೇ ಬೇಗ ಹೋಗು ಅಂತಿದಾರೆ. ನಂಗಾದ್ರೂ ಹಂಗೆ ಹೇಳೋರು ಇದಾರಾ?"

ಇರಲಿಲ್ಲ, ನಿಜ. ಆ ವರ್ಷವಿಡೀ ಅವರ ಅಂಗಡಿಗೆ ಬಂದು "ಮಗಳ ಎಸ್ಸೆಸ್ಸೆಲ್ಸಿ, ಪಾಪ, ನಿಮಗೆ ಈ ಮೋಟರ್ ಬೇಡ" ಅಂತ ಒಬ್ಬರೂ ವಾಪಸ್ ತೆಗೆದುಕೊಂಡು ಹೋಗಲಿಲ್ಲ. ಅವರಿಗೂ ಅದೇ ಮಗಳು.

ಹಾಗಂತ ನಾನು ಮಗಳನ್ನು ಬಿಟ್ಟು ತಿರುಗಿದವಳೇನಲ್ಲ. ಬೆಳಿಗ್ಗೆ ಅವಳಿಗೆ ಗಣಿತ ಹೇಳಿಕೊಟ್ಟೇ ಬಸ್ಸು ಹತ್ತುತ್ತಿದ್ದೆ. ಚೈತ್ರಾ ತನ್ನಷ್ಟಕ್ಕೆ ಓದುವ ಹುಡುಗಿ. ಪಕ್ಕದಲ್ಲಿ ಯಾರಾದರೂ ಕೂತು ಹಾಲು, ಬಾದಾಮಿ ಅಂದರೆ ಅವಳಿಗೆ ಸಿಟ್ಟು. ಅವಳಿಗೆ ನನ್ನ ಕಾವಲು ಬೇಕು ಅಂತ ಅವಳನ್ನು ಬಿಟ್ಟು ಉಳಿದೆಲ್ಲರೂ ತೀರ್ಮಾನ ಮಾಡಿದ್ದರು.

ನಾಲ್ಕನೆಯ ದಿನ ಸೋತು ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಸೆಲ್ವಿ. ಭದ್ರಾವತಿಯ ತಮಿಳು ಮನೆಯವಳು, ಎರಕದ ಒಳಗಿನ ಮರಳಿನ ಅಚ್ಚು ಮಾಡುವ ಕೋರ್ ಶಾಪಿನ ಸೂಪರ್‌ವೈಸರ್. ಹಿಂದಿನ ಸೀಟಿನಲ್ಲಿ ಮಂಜುನಾಥ, ಲಾರಿ ಲೋಡಿಂಗ್ ನೋಡಿಕೊಳ್ಳುವ ಡಿಸ್ಪ್ಯಾಚಿನವನು. ಆ ಬಸ್ಸಿನಲ್ಲಿ ಹೋಗುತ್ತಿದ್ದ ಮೇಲ್ದರ್ಜೆಯ ಗಂಡಸು ಅವನೊಬ್ಬನೇ. ಅವನ ಹೆಂಡತಿ ನರ್ಸ್, ಅವಳಿಗೆ ರಾತ್ರಿ ಪಾಳಿ. ಎಲ್‌ಕೆಜಿ ಓದುವ ಮಗನನ್ನು ನೋಡಿಕೊಳ್ಳುವವರ ಮನೆಯಿಂದ ಅವನೇ ಹೋಗಿ ಕರೆತರಬೇಕು. ಅದಕ್ಕೆ ಚಾ ಮಂದಿ ಅವನಿಗೆ "ಮಂಜಮ್ಮ" ಅಂತ ಹೆಸರಿಟ್ಟಿದ್ದರು. ಹಾಲೇಶಪ್ಪನವರು ಹಾಗೆ ಕರೆಯುತ್ತಿರಲಿಲ್ಲ. ಬೇರೆಯವರು ಕರೆದಾಗ ಮುಗುಳ್ನಗುತ್ತಿದ್ದರು.

"ಏನ್ ಗಿರಿಜಕ್ಕ, ಇವತ್ತು ಚಾ ಇಲ್ವಾ?" ಮಂಜುನಾಥ ಕೇಳಿದ.

"ಕುಡಿದಿದ್ದು ಸಾಕಾಯ್ತು ಮಾರಾಯ."

"ನಾಳೆ ಬ್ರಾಕೆಟ್ ಲೋಡ್ ಮಾಡ್ಬೇಕಂತೆ. ನಿಮ್ದು ಚೆಕ್ಕಿಂಗ್ ಮುಗಿದಿದ್ಯಾ?"

"ಎಲ್ಲಿಂದ ಮುಗಿಯುತ್ತೆ? ಅರ್ಧ ಹಾಗೇ ಬಿದ್ದಿದೆ. ಪಂಪ್ ಬಾಡಿ ರೆಡಿ ಇದೆ."

ಸೆಲ್ವಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಉಳಿದ ಬ್ರಾಕೆಟ್‌ಗೆ ಕೋರ್ ಕೂಡ ಇಲ್ಲ ಕಣಮ್ಮ. ನಾಳಿದ್ದು ಬರುತ್ತೆ."

ಹೇಳಿದವಳೇ ಕಣ್ಣು ಬಿಟ್ಟಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಚ್ಚು, ಅಳತೆ, ಲಾರಿ. ಮೂರೂ ಆ ಬಸ್ಸಿನಲ್ಲೇ ಕೂತಿದ್ದವು. ಸೇತುವೆ ಮೇಲೆ ಟ್ರಾಫಿಕ್ ನಿಂತಿತ್ತು, ಕೆಳಗೆ ತುಂಗೆ ಕೆಂಪಗೆ ತುಂಬಿ ಹೋಗುತ್ತಿದ್ದಳು. ಅಲ್ಲೇ ತೀರ್ಮಾನ ಮಾಡಿದೆವು: ನಾಳೆ ಪಂಪ್ ಬಾಡಿ, ಕೋರ್ ಬಂದು ಎರಕ ಆದ ಮೇಲೆ ಬ್ರಾಕೆಟ್. ಮಂಜುನಾಥ ಲೋಡಿಂಗಿನವರಿಗೆ ಫೋನ್ ಮಾಡಿದ. ಇಷ್ಟೇ.

ಬೆಳಿಗ್ಗೆ ಪ್ರವೀಣ ಓಡಿ ಬಂದ. "ಮೇಡಂ, ಪಂಪ್ ಬಾಡಿ ಯಾಕೆ ಲೋಡ್ ಆಗ್ತಿದೆ? ಯಾರು ಡಿಸೈಡ್ ಮಾಡಿದ್ದು?"

"ನಿನ್ನೆ ಸಂಜೆ ಆಯ್ತು."

"ಎಲ್ಲಿ? ಸರ್ ರೂಮಲ್ಲಿ ನಾನಿದ್ನಲ್ಲ."

"ತುಂಗಾ ಸೇತುವೆ ಮೇಲೆ."

ನನ್ನ ಹನ್ನೊಂದು ವರ್ಷದಲ್ಲಿ ಅಷ್ಟು ಸಿಹಿಯಾದ ಬೆಳಿಗ್ಗೆ ಇನ್ನೊಂದಿಲ್ಲ.

ದಸರಾ, ದೀಪಾವಳಿ ದಾಟಿ ಚಳಿ ಬರುವವರೆಗೂ ಬಸ್ಸಿನಲ್ಲಿ ನಮ್ಮ ಕಚೇರಿ ನಡೆಯಿತು. ಡ್ರೈವರ್ ರೇಡಿಯೊ ಸಣ್ಣದು ಮಾಡುತ್ತಿದ್ದ. ಇಳಿಯುವ ಜಾಗದ ಲೆಕ್ಕದಲ್ಲೇ ಮಾತು. ವಿದ್ಯಾನಗರ ದಾಟುವ ಮೊದಲು ಲೋಡಿಂಗ್, ಮಾಚೇನಹಳ್ಳಿಯೊಳಗೆ ಅಳತೆ, ಭದ್ರಾವತಿ ಬಂದರೆ ಸೆಲ್ವಿ ಇಳಿಯುತ್ತಾಳೆ, ಅಷ್ಟರಲ್ಲಿ ಅಚ್ಚಿನದ್ದು ಮುಗಿಯಬೇಕು. ಹಾಳು ಹರಟೆಗೆ ಸಮಯವೇ ಇರಲಿಲ್ಲ, ಯಾಕೆಂದರೆ ಎಲ್ಲರಿಗೂ ಮನೆಗೆ ಹೋಗಬೇಕಿತ್ತು. ಬೇಗ ಮನೆಗೆ ಹೋಗಬೇಕಾದವರಿಗೆ ಕೆಲಸ ಬೇಗ ಮುಗಿಸಲು ಬರುತ್ತದೆ. ಇದನ್ನು ಆ ಬೆಂಗಳೂರಿನ ಹೋಟೆಲಿನಲ್ಲಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಕಾಣುತ್ತದೆ.

ವಿಷಯ ಹಾಲೇಶಪ್ಪನವರಿಗೆ ಗೊತ್ತಾಗದೆ ಇರುತ್ತದೆಯೇ. ಅವರು ಬೈಯಲಿಲ್ಲ. ಅವರು ಬೈಯುವವರಲ್ಲ ಅಂತ ಹೇಳಿದೆನಲ್ಲ. ಮಾರ್ಚ್‌ವರೆಗೆ ಕಾದರು.

ಮಹಿಳಾ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ಗುಲಾಬಿ ಬಲೂನು. ಹಾಲೇಶಪ್ಪನವರು ಮೈಕು ಹಿಡಿದು ಎರಡು ಘೋಷಣೆ ಮಾಡಿದರು.

"ನಮ್ಮ ತಾಯಂದಿರು ಬಸ್ಸಲ್ಲೂ ಕೆಲ್ಸದ ಮಾತಾಡ್ತಿದಾರೆ ಅಂತ ನನ್ನ ಕಿವಿಗೆ ಬಿತ್ತು. ನಂಗೆ ಬಹಳ ನೋವಾಯ್ತು. ಅದಕ್ಕೆ, ಒಂದನೇದು, ಬಸ್ಸಿಗೆ ಟಿವಿ ಹಾಕಿಸಿದೀನಿ. ಹಾಡು ಕೇಳ್ಕೊಂಡು ಆರಾಮಾಗಿ ಹೋಗಿ. ಎರಡನೇದು, ನಾಳೆಯಿಂದ ಬಸ್ಸು ಐದು ಗಂಟೆಗೇ ಹೊರಡುತ್ತೆ."

ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಆಮೇಲೆ ಹೆಂಗಸರಿಗೆಲ್ಲ ಒಂದೊಂದು ಹಾಟ್‌ಬಾಕ್ಸ್ ಕೊಟ್ಟರು, ಚಪಾತಿ ಬಿಸಿಯಾಗಿಡಲು. ಕೊನೆಯಲ್ಲಿ ಮೈಕಿನಲ್ಲಿ ಮಂಜುನಾಥನ ಹೆಸರೂ ಕೂಗಿದರು. "ಇವರೂ ಒಬ್ಬ ತಾಯಿನೇ" ಅಂತ ಅವನ ಕೈಗೂ ಗುಲಾಬಿ ಕಾಗದ ಸುತ್ತಿದ ಹಾಟ್‌ಬಾಕ್ಸ್ ಇಟ್ಟರು. ಶಾಮಿಯಾನ ಹಾರಿಹೋಗುವ ಹಾಗೆ ನಗು. ಹೆಂಗಸರೂ ನಕ್ಕರು. ಮಂಜುನಾಥ ಫೋಟೋಗೆ ಹಲ್ಲು ಕಿರಿದ. ಕಿವಿ ಮಾತ್ರ ಕೆಂಪಗಾಗಿತ್ತು.

ಮಾರನೆಯ ದಿನ ಬಸ್ಸಿನಲ್ಲಿ ನನ್ನ ಸೀಟಿನ ಸರಿಯಾಗಿ ಮೇಲೆ ಸ್ಪೀಕರ್ ಇತ್ತು. ಹಾಡಿನ ಅಬ್ಬರದಲ್ಲಿ ಪಕ್ಕದವರಿಗೆ ಮಾತು ಕೇಳಿಸಬೇಕಾದರೆ ಕಿವಿಗೆ ಬಾಯಿ ಇಡಬೇಕು. ನಾನು ಸೆಲ್ವಿಯ ಕಿವಿಗೇ ಕೂಗಿದೆ.

"ನೋಡಿದ್ಯಾ? ಇನ್ನು ಅವ್ರಿಗೆ ಮುಕ್ಕಾಲು ಗಂಟೆ ಜಾಸ್ತಿ ಸಿಗ್ತು ಚಾಗೆ. ನೀನು ಚಪ್ಪಾಳೆ ತಟ್ತಾ ಕೂತಿದ್ದೆ."

"ತಟ್ಟಿದೆ. ಏನೀಗ?" ಸೆಲ್ವಿ ಮುಖ ನನ್ನ ಕಡೆ ತಿರುಗಿಸಿದಳು. "ನಿಂಗೆ ಆ ಕುರ್ಚಿ ಬೇಕು ಗಿರಿಜಾ. ನಂಗೆ ಮುಕ್ಕಾಲು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ನಾಲ್ಕಕ್ಕೆ ನಲ್ಲಿ ನೀರಿಗೆ ಏಳೋಳು ನಾನು. ನಿನ್ನ ಜಗಳಕ್ಕೆ ನನ್ನ ನಿದ್ದೆ ಯಾಕಮ್ಮ ಕೊಡ್ಬೇಕು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಈಗಲೂ ಇಲ್ಲ. ಹಾಲೇಶಪ್ಪನವರ ಮೇಲೆ ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ಸೆಲ್ವಿಗೆ ನಿಜವಾಗಿ ಬೇಕಾಗಿದ್ದದ್ದನ್ನೇ ಹಿಡಿದುಕೊಂಡು ಅವರು ನನ್ನ ತಲೆಗೆ ಹೊಡೆದರು. ಯಾರಿಗೂ ಪೆಟ್ಟಿನ ಶಬ್ದ ಕೇಳಿಸಲಿಲ್ಲ.

ಮಂಜುನಾಥ ಒಂದು ವಾರ ಬಸ್ಸಿನಲ್ಲಿ ಬಂದ, ಕಿಟಕಿ ನೋಡುತ್ತಾ. ಆಮೇಲೆ ಬರುವುದು ನಿಲ್ಲಿಸಿದ. ಊರಿಂದ ಅತ್ತೆಯನ್ನು ಕರೆಸಿಕೊಂಡು ಮಗನನ್ನು ಅವರ ಕೈಗೆ ಕೊಟ್ಟು, ಅವನೂ ಚಾಗೆ ಕೂರತೊಡಗಿದ. ಮಂಜಮ್ಮ ಅನ್ನುವ ಹೆಸರು ಹೋಯಿತು. ಒಮ್ಮೆ ಕ್ಯಾಂಟೀನಿನಲ್ಲಿ ಸಿಕ್ಕಿದಾಗ ನನ್ನ ಮುಖ ನೋಡದೆ ಹೇಳಿದ: "ಮಗ ಮಲಗಿರ್ತಾನೆ ಅಕ್ಕ ನಾನು ಹೋಗೋಷ್ಟ್ರಲ್ಲಿ. ಬೆಳಿಗ್ಗೆ ನೋಡ್ತೀನಿ ಹೆಂಗೋ." ಅವನನ್ನು ಬೈಯಬೇಕೆಂದಿದ್ದೆ. ಬೈಯುವ ಬದಲು ಭಟ್ಟರಿಗೆ ಹೇಳಿ ಅವನಿಗೂ ಇಡ್ಲಿ ಹಾಕಿಸಿದೆ.

ಮಾರ್ಚ್ ಕೊನೆಗೆ ಗಿರಾಕಿ ಕಂಪನಿಯವರ ಆಡಿಟ್. ವರ್ಷಕ್ಕೊಮ್ಮೆ ಬಂದು ನಮ್ಮ ಅಳತೆ, ಯಂತ್ರ, ಕೆಲಸದ ಕ್ರಮ ಎಲ್ಲ ತಪಾಸಣೆ ಮಾಡುತ್ತಾರೆ. ಅವರ ಎದುರು ನಿಂತು ಉತ್ತರ ಕೊಟ್ಟವರೇ ಮುಂದಿನ ಮುಖ್ಯಸ್ಥರು; ಇದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ತಯಾರಿ ಎಲ್ಲ ನಾನೇ ಮಾಡಿದ್ದೆ. ಹಿಂದಿನ ದಿನ ಹಾಲೇಶಪ್ಪನವರು ಕೋಣೆಗೆ ಕರೆದರು.

"ಆಡಿಟ್ ಪ್ರವೀಣ ನೋಡ್ಕೊತಾನೆ ಅಮ್ಮ. ನೀವು ಎರಡು ದಿನ ರಜೆ ತಗೊಳಿ."

"ನಾನು ರಜೆ ಕೇಳಿದ್ನಾ ಸರ್?"

"ಕೇಳ್ಬೇಕಾ? ನಂಗೆ ಅರ್ಥ ಆಗಲ್ವಾ? ಮಗಳಿಗೆ ಪರೀಕ್ಷೆ ನಡೀತಿದೆ. ಇಂಥ ಟೈಮಲ್ಲಿ ತಾಯಿ ಪಕ್ಕದಲ್ಲಿರ್ಬೇಕು."

"ನನ್ನ ಮಗಳು ಹಾಗೆ ಹೇಳಿಲ್ಲ. ನಾನೂ ಹೇಳಿಲ್ಲ."

"ನೀವು ಹೇಳಲ್ಲ. ನಿಮ್ಮ ಸಂಕೋಚ ನಂಗೆ ಗೊತ್ತು."

"ಸರ್, ನಂಗೆ ಸಂಕೋಚ ಇಲ್ಲ. ಆಡಿಟ್ ಬೇಕು. ಆ ಪೋಸ್ಟೂ ಬೇಕು. ಬಾಯಿ ಬಿಟ್ಟು ಹೇಳ್ತಿದೀನಿ."

ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು. "ಮುಂದಿನ ವರ್ಷ ನೋಡೋಣ ಅಮ್ಮ. ಈ ವರ್ಷ ಒಂದು ಕಳೀಲಿ."

"ಮುಂದಿನ ವರ್ಷ ಅವ್ಳು ಪಿಯುಸಿ."

"ಹೌದಲ್ವಾ" ಅಂದರು, ನಿಜವಾದ ಕನಿಕರದಲ್ಲಿ. "ಅದಿನ್ನೂ ಕಷ್ಟ."

ನಾನು ರಜೆ ತೆಗೆದುಕೊಳ್ಳಲಿಲ್ಲ. ಆಡಿಟ್ ನಡೆದ ಎರಡು ದಿನವೂ ಗಾಜಿನ ಆಚೆ ನನ್ನ ಮೇಜಿನಲ್ಲೇ ಇದ್ದೆ. ನಾನು ಸಿದ್ಧ ಮಾಡಿದ್ದ ಉತ್ತರಗಳನ್ನು ಪ್ರವೀಣ ಓದಿ ಹೇಳುವುದು ಕಾಣುತ್ತಿತ್ತು. ತಡವರಿಸಿದಾಗ ನನ್ನ ಕಡೆ ನೋಡುತ್ತಿದ್ದ. ನಾನು ಅಳತೆ ನೋಡುತ್ತಿದ್ದೆ, ತಲೆ ಎತ್ತಲಿಲ್ಲ.

ಏಪ್ರಿಲ್‌ನಲ್ಲಿ ಕುರ್ಚಿ ಪ್ರವೀಣನಿಗೆ ಹೋಯಿತು. ಯಾವಾಗ ತೀರ್ಮಾನವಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆವತ್ತು ಸಂಜೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಲೋಕೇಶನಿಗೆ ಎಲ್ಲ ಹೇಳಿದೆ. ಅವರು ಬಂದು ಒಲೆ ಸಣ್ಣದು ಮಾಡಿದರು. ಆಮೇಲೆ, "ನಾನೂ ಅವ್ರ ಹಂಗೇ ಮಾತಾಡ್ದೆ ಅಲ್ವಾ ಆಗ" ಅಂದರು. ಹೌದು ಅಂದೆ. ನಡುಮನೆಯಲ್ಲಿ ಚೈತ್ರಾ ಕೊನೆಯ ಪರೀಕ್ಷೆಗೆ ಓದುತ್ತಿದ್ದಳು. ಪುಟ ತಿರುಗಿಸುವ ಸದ್ದು ಕೆಲಹೊತ್ತು ನಿಂತಿದ್ದು ನನ್ನ ಗಮನಕ್ಕೆ ಬಂತು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಚೈತ್ರಾಳಿಗೆ ಅವಳ ಶಾಲೆಯಲ್ಲೇ ಎಲ್ಲರಿಗಿಂತ ಒಳ್ಳೆಯ ಅಂಕ. ಆ ಭಾನುವಾರ ನಮ್ಮ ಗೇಟಿನ ಮುಂದೆ ಹಾಲೇಶಪ್ಪನವರ ಕಾರು ನಿಂತಿತು. ಕಾಗದನಗರದ ನಮ್ಮ ಬೀದಿಯಲ್ಲಿ ಅಂಥ ಕಾರು ಬಂದರೆ ಎದುರು ಮನೆಯವರು ಪರದೆ ಸರಿಸುತ್ತಾರೆ. ಅವರು ಶಲ್ಯ ಹೊದ್ದು, ಕೈಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಬಂದರು. ಲೋಕೇಶ ಅಂಗಿ ಹಾಕಿಕೊಳ್ಳಲು ಒಳಗೆ ಓಡಿದರು. ನಾನು ಕಾಫಿಗೆ ಇಟ್ಟೆ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವಷ್ಟು ಧೈರ್ಯ ನನಗೂ ಇಲ್ಲ.

ಕಾಫಿ ತಂದಿಡುವ ಹೊತ್ತಿಗೆ ಅವರು ಚೈತ್ರಾಳ ಬಾಯಿಗೆ ಪೇಡಾ ಹಾಕಿ ಮುಂದೆ ಕೂರಿಸಿಕೊಂಡಿದ್ದರು.

"ಒಳ್ಳೆ ಮಾರ್ಕ್ಸ್ ಪುಟ್ಟಿ. ಆದ್ರೆ ಒಂದು ಮಾತು ನೆನಪಿಟ್ಕೋಬೇಕು ನೀನು. ಈ ವರ್ಷ ನಿಮ್ಮಮ್ಮಂಗೆ ದೊಡ್ಡ ಪೋಸ್ಟ್ ಬರೋದಿತ್ತು. ನಿನ್ನ ಓದಿಗೋಸ್ಕರ ಅದನ್ನ ತ್ಯಾಗ ಮಾಡಿದಾರೆ. ಗೊತ್ತಾ ನಿಂಗೆ?"

ಚೈತ್ರಾ ಪೇಡಾ ನುಂಗಿದಳು. ಅವಳ ಧ್ವನಿ ಏರಲಿಲ್ಲ, ಪಾಠ ಒಪ್ಪಿಸುವ ಹಾಗಿತ್ತು.

"ಅಮ್ಮ ತ್ಯಾಗ ಮಾಡ್ಲಿಲ್ಲ ಅಂಕಲ್. ಅಮ್ಮ ಬೇಕು ಅಂತ ಕೇಳಿದ್ರು. ನೀವು ಕೊಡ್ಲಿಲ್ಲ. ಕೊಡದೇ ಇರಕ್ಕೆ ನನ್ನ ಹೆಸರು ಹೇಳಿದ್ರಿ. ನನ್ನನ್ನ ಕೇಳಿದ್ರಾ?"

ಫ್ಯಾನು ತಿರುಗುತ್ತಿತ್ತು. ಬಾಗಿಲಲ್ಲಿ ಲೋಕೇಶ ಅಂಗಿಯ ಗುಂಡಿ ಹಿಡಿದುಕೊಂಡು ನಿಂತುಬಿಟ್ಟಿದ್ದರು. ಹಾಲೇಶಪ್ಪನವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಈಗ ಮಗಳನ್ನು ಗದರುತ್ತೇನೆ, ಸಾರಿ ಹೇಳಿಸುತ್ತೇನೆ, ಮಕ್ಕಳು ಸರ್, ತಿಳಿಯಲ್ಲ ಅನ್ನುತ್ತೇನೆ ಅಂತ ಕಾಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಅಂಥ ಮಾತು ಎಷ್ಟು ಸಲ ಆಡಿದ್ದೆನೋ, ಅವರು ಕಾದದ್ದು ತಪ್ಪಲ್ಲ.

ನಾನು ಮಗಳ ಪಕ್ಕ ಕೂತೆ.

"ಅವ್ಳಿಗೆ ಉತ್ತರ ಹೇಳಿ ಸರ್" ಅಂದೆ. "ನಾನೂ ಕೇಳ್ತೀನಿ."